ಹೆರಿಗೆಗೆ ಮುಂಚೆ ನೆಮ್ಮದಿಯ ನಾಲ್ಕು ದಿನ: ಬಸುರಿಯ ಪ್ರವಾಸಕ್ಕೊಂದು ಸಮಗ್ರ ಮಾರ್ಗದರ್ಶಿ

ಬಸುರಿ ಹೆಂಗಸು ರಜೆಗೆ ಹೊರಟಳು ಅಂದರೆ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ "ಈಗ್ಯಾಕೆ?" ಮಗು ಆದಮೇಲೆ ಹೋದರಾಯ್ತು ಅನ್ನುತ್ತಾರೆ. ಮಗು ಆದಮೇಲೆ ಬಾಣಂತನ, ಹಾಲು, ಲಸಿಕೆ, ನಿದ್ದೆಗೆಟ್ಟ ರಾತ್ರಿ. ಗಂಡ ಹೆಂಡತಿ ಇಬ್ಬರೇ ಕೂತು ಕಾಫಿ ಬಿಸಿಯಾಗಿರುವಾಗಲೇ ಕುಡಿದು ಮುಗಿಸುವ ಕಾಲ ಮತ್ತೆ ಬರುವುದು ಯಾವಾಗಲೋ. ಹಾಗಾಗಿ ಹೋಗುವುದಾದರೆ ಈಗಲೇ ಹೋಗಬೇಕು. ಆದರೆ ಮೊದಲಿನ ಹಾಗೆ ಹೋಗಲು ಆಗುವುದಿಲ್ಲ.

ಇದನ್ನು ಮುಖ್ಯವಾಗಿ ಬೆಂಗಳೂರಿನಿಂದ ಕಾರಲ್ಲೋ ರೈಲಲ್ಲೋ ಮೂರ್ನಾಲ್ಕು ದಿನಕ್ಕೆ ಹೊರಡುವ ಜೋಡಿಗೆ ಬರೆದಿದ್ದೇನೆ. ವಿಮಾನ ಹತ್ತುವವರಿಗೂ ಒಂದೆರಡು ಮಾತಿದೆ. ಇಡೀ ಬರಹದಲ್ಲಿ ಒಂದೇ ಒಂದು ನಿಯಮ ನೆನಪಿಟ್ಟುಕೊಂಡರೂ ಸಾಕು: ಮೊದಲು ಆಸ್ಪತ್ರೆ ಹುಡುಕಿ, ಆಮೇಲೆ ರೂಮು ಹುಡುಕಿ. ಸಾಮಾನ್ಯವಾಗಿ ನಾವು ಇದನ್ನು ತಲೆಕೆಳಗಾಗಿ ಮಾಡುತ್ತೇವೆ. ರೆಸಾರ್ಟಿನ ಚಂದದ ಫೋಟೋ ನೋಡಿ ದುಡ್ಡು ಕಟ್ಟಿ, ಆಮೇಲೆ ಹತ್ತಿರ ಯಾವ ಆಸ್ಪತ್ರೆ ಇದೆ ಅಂತ ಮ್ಯಾಪ್ ತೆಗೆಯುತ್ತೇವೆ.

ಹೆಜ್ಜೆ 1: ಯಾವ ವಾರ ಹೋಗಬೇಕು

ಮೊದಲ ಮೂರು ತಿಂಗಳು ಬೇಡ. ವಾಂತಿ, ಸುಸ್ತು, ಯಾವ ವಾಸನೆಯೂ ಆಗದ ಸ್ಥಿತಿ. ಗರ್ಭ ನಿಲ್ಲದೆ ಹೋಗುವ ಸಂಭವವೂ ಆಗಲೇ ಹೆಚ್ಚು. ಪ್ರಯಾಣದಿಂದ ಹಾಗಾಗುತ್ತದೆ ಅಂತಲ್ಲ. ಆದರೆ ಹಾಗೇನಾದರೂ ಆದರೆ ಅದನ್ನು ಪರ ಊರಿನಲ್ಲಿ ಎದುರಿಸುವುದು ಕಷ್ಟ. 28 ವಾರ ಕಳೆದ ಮೇಲೆ ಬೆನ್ನುನೋವು, ಕಾಲು ಊತ, ಅರ್ಧ ಗಂಟೆಗೊಮ್ಮೆ ಬಾತ್‌ರೂಮು. ಅವಧಿಗೆ ಮುಂಚೆ ನೋವು ಬರುವ ಭಯವೂ ಶುರುವಾಗುತ್ತದೆ.

ನಡುವೆ ಉಳಿಯುವುದು 14ರಿಂದ 27 ವಾರ. ಅದರಲ್ಲೂ ನನ್ನ ಆಯ್ಕೆ 22ರಿಂದ 25. ಕಾರಣ ಇದೆ. ಮಗುವಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ 18ರಿಂದ 22 ವಾರದೊಳಗೆ ಆಗುತ್ತದೆ. ಪ್ಲಾಸೆಂಟಾ, ಅಂದರೆ ಮಾಸು, ಎಲ್ಲಿ ಕೂತಿದೆ ಅಂತಲೂ ಅದರಲ್ಲೇ ಗೊತ್ತಾಗುತ್ತದೆ. ಆ ರಿಪೋರ್ಟ್ ಕೈಯಲ್ಲಿ ಹಿಡಿದು ಹೊರಟರೆ ಅರ್ಧ ಆತಂಕ ಮನೆಯಲ್ಲೇ ಉಳಿಯುತ್ತದೆ. ಸಕ್ಕರೆ ಪರೀಕ್ಷೆ 24ರಿಂದ 28 ವಾರದಲ್ಲಿ ಬರುತ್ತದೆ. ಅದರ ದಿನಾಂಕಕ್ಕೆ ಪ್ರವಾಸ ಅಡ್ಡ ಬರದ ಹಾಗೆ ನೋಡಿಕೊಳ್ಳಿ.

ವಾರ ಗೊತ್ತಾದ ಮೇಲೆ ಕ್ಯಾಲೆಂಡರ್ ನೋಡಿ. ದಸರಾ, ಕ್ರಿಸ್‌ಮಸ್, ಶುಕ್ರವಾರ ಸೋಮವಾರ ಸೇರಿಕೊಂಡ ಉದ್ದ ವಾರಾಂತ್ಯ, ಇವೆಲ್ಲ ಬಿಟ್ಟುಬಿಡಿ. ಟ್ರಾಫಿಕ್‌ನಲ್ಲಿ ಎರಡು ಗಂಟೆ ನಿಂತ ಕಾರಿನೊಳಗೆ ಬಸುರಿಗೆ ಬಾತ್‌ರೂಮ್ ಬಂದರೆ ಏನು ಮಾಡುತ್ತೀರಿ? ಸೋಮವಾರ ಹೋಗಿ ಗುರುವಾರ ಬರುವುದು ಒಳ್ಳೆಯದು. ರೂಮಿನ ಬಾಡಿಗೆಯೂ ಆಗ ಕಡಿಮೆ.

ಕೆಲಸಕ್ಕೆ ಹೋಗುವವರಿಗೆ ಒಂದು ಮಾತು. ಕಾನೂನು ಪ್ರಕಾರ ಮೊದಲ ಎರಡು ಮಕ್ಕಳಿಗೆ ಸಿಗುವ 26 ವಾರದ ಹೆರಿಗೆ ರಜೆಯಲ್ಲಿ ಹೆರಿಗೆಗೆ ಮುಂಚೆ ತೆಗೆದುಕೊಳ್ಳಲು ಆಗುವುದು 8 ವಾರ ಮಾತ್ರ. 24ನೇ ವಾರದ ಪ್ರವಾಸಕ್ಕೆ ಅದು ಹೇಗೂ ಬರುವುದಿಲ್ಲ. ಮಾಮೂಲಿ ರಜೆಯನ್ನೇ ಮೊದಲಿನಿಂದ ಸ್ವಲ್ಪ ಉಳಿಸಿಟ್ಟುಕೊಳ್ಳಿ.

ಹೆಜ್ಜೆ 2: ಡಾಕ್ಟರ ಹತ್ತಿರ ಸರಿಯಾಗಿ ಕೇಳಿ

"ಟ್ರಿಪ್ ಹೋಗಬಹುದಾ ಮೇಡಂ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ "ಹುಷಾರಾಗಿ ಹೋಗಿಬನ್ನಿ" ಅನ್ನುವ ಉತ್ತರ ಸಿಗುತ್ತದೆ. ಅದು ಯಾವುದಕ್ಕೂ ಸಾಲದು. ಯಾವ ಊರು, ಎಷ್ಟು ಕಿಲೋಮೀಟರ್, ಘಾಟಿ ರಸ್ತೆ ಇದೆಯೋ ಇಲ್ಲವೋ, ಎಷ್ಟು ದಿನ, ಇಷ್ಟನ್ನೂ ಹೇಳಿ ಕೇಳಿ. ಮಾಸು ಕೆಳಗಿದೆಯಾ, ಗರ್ಭಕೊರಳಿನ, ಅಂದರೆ ಗರ್ಭಕೋಶದ ಬಾಯಿಯ, ಉದ್ದ ಸರಿ ಇದೆಯಾ, ಬಿಪಿ ಹೇಗಿದೆ, ಹಿಮೋಗ್ಲೋಬಿನ್ ಎಷ್ಟಿದೆ, ಈ ನಾಲ್ಕಕ್ಕೆ ನೇರ ಉತ್ತರ ಪಡೆಯಿರಿ.

ರಕ್ತಸ್ರಾವ ಆಗಿದ್ದವರು, ಮಾಸು ಗರ್ಭಕೊರಳನ್ನು ಮುಚ್ಚಿಕೊಂಡಿರುವವರು, ಗರ್ಭಕೊರಳಿಗೆ ಹೊಲಿಗೆ ಹಾಕಿಸಿಕೊಂಡವರು, ಬಿಪಿ ಹತೋಟಿಗೆ ಬರದವರು, ಹಿಂದಿನ ಹೆರಿಗೆ ಅವಧಿಗೆ ಮುಂಚೆ ಆದವರು, ಅವಳಿ ಮಕ್ಕಳು ಇರುವವರು ಡಾಕ್ಟರ ಮಾತು ಮೀರಿ ಹೊರಡಬೇಡಿ. "ಪಕ್ಕದ ಮನೆಯವಳು ಎಂಟನೇ ತಿಂಗಳಲ್ಲಿ ಗೋವಾಕ್ಕೆ ಹೋಗಿದ್ದಳಂತೆ" ಅನ್ನುವುದು ನಿಮ್ಮ ಮೆಡಿಕಲ್ ರಿಪೋರ್ಟ್ ಅಲ್ಲ. ಡಾಕ್ಟರ್ ಬೇಡ ಅಂದರೆ ನಿಮ್ಮ ಆಸ್ಪತ್ರೆ ಇರುವ ಊರಿನಲ್ಲೇ ಒಳ್ಳೆಯ ಹೋಟೆಲಿನಲ್ಲಿ ಎರಡು ರಾತ್ರಿ ಇದ್ದು ಬನ್ನಿ. ಅಡುಗೆ ಇಲ್ಲ, ಪಾತ್ರೆ ಇಲ್ಲ, ಬಾಗಿಲು ಬಡಿಯುವವರಿಲ್ಲ. ಅದೂ ರಜೆಯೇ.

ಡಾಕ್ಟರಿಂದ ಒಂದು ಚೀಟಿ ಬರೆಸಿಕೊಳ್ಳಿ: ಎಷ್ಟು ವಾರ, ಹೆರಿಗೆಯ ದಿನಾಂಕ, ಪ್ರಯಾಣಕ್ಕೆ ತೊಂದರೆ ಇಲ್ಲ ಅನ್ನುವ ಒಂದು ಸಾಲು. ದಾರಿಯಲ್ಲಿ ವಾಂತಿ ಬಂದರೆ, ತಲೆನೋವು ಬಂದರೆ, ಎದೆ ಉರಿದರೆ ಯಾವ ಮಾತ್ರೆ ಅಂತಲೂ ಬರೆಸಿ. ಮೆಡಿಕಲ್ ಶಾಪಿನವರು ಕೊಟ್ಟ ನೋವಿನ ಮಾತ್ರೆ ನುಂಗಬೇಡಿ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯವು ಬಸುರಿಯರಿಗೆ, ಅದರಲ್ಲೂ 20 ವಾರದ ಮೇಲೆ, ಆಗುವುದಿಲ್ಲ. ನಿಮ್ಮದು ನೆಗೆಟಿವ್ ರಕ್ತದ ಗುಂಪಾದರೆ ತಾಯಿಯ ರಕ್ತ ಮಗುವಿನ ರಕ್ತದ ವಿರುದ್ಧ ತಿರುಗದಂತೆ ಕೊಡುವ ಆಂಟಿ ಡಿ ಇಂಜೆಕ್ಷನ್ ಯಾವಾಗ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 3: ಮನೆಯ ಹಿರಿಯರನ್ನು ಒಪ್ಪಿಸುವುದು

ಇಂಗ್ಲಿಷಿನ ಯಾವ ಗೈಡಿನಲ್ಲೂ ಈ ಹೆಜ್ಜೆ ಇರುವುದಿಲ್ಲ. ನಮ್ಮಲ್ಲಿ ಇದೇ ದೊಡ್ಡದು. "ಬಸುರಿ ಹೊಳೆ ದಾಟಬಾರದು", "ಕಾಡಿನ ದಾರಿ ಬೇಡ", "ಮುಸ್ಸಂಜೆಯಲ್ಲಿ ಹೊರಗೆ ಹೋಗಬೇಡ". ಇವನ್ನು ಮೂಢನಂಬಿಕೆ ಅಂತ ಒಂದೇ ಏಟಿಗೆ ತಳ್ಳಬೇಡಿ. ಸೇತುವೆ ಇಲ್ಲದ ಕಾಲದಲ್ಲಿ ತುಂಬಿದ ಹೊಳೆಯ ಆಚೆ ದಡದಲ್ಲಿ ನೋವು ಕಾಣಿಸಿಕೊಂಡರೆ ಸೂಲಗಿತ್ತಿ ಈಚೆ ಇರುತ್ತಿದ್ದಳು. ಅವರ ಭಯಕ್ಕೆ ಅರ್ಥ ಇತ್ತು. ಈಗ ಸೇತುವೆ ಇದೆ, ಆಂಬುಲೆನ್ಸ್ ಇದೆ. ಆದರೆ ಆ ಭಯದ ತಿರುಳು ಹಾಗೇ ಉಳಿದಿದೆ: ಸಹಾಯ ಸಿಗದ ಕಡೆ ಹೋಗಬೇಡ. ನಾನು ಆಗಲೇ ಹೇಳಿದ ಆಸ್ಪತ್ರೆ ನಿಯಮವೂ ಅದೇ ತಾನೆ?

ಮಾತು ಆಡಬೇಕಾದವರು ಸೊಸೆಯಲ್ಲ, ಮಗ. ಸೊಸೆ ಕೇಳಿದರೆ ಅದು ಬಯಕೆ ಆಗುತ್ತದೆ, ಮಗ ಹೇಳಿದರೆ ಏರ್ಪಾಡು ಆಗುತ್ತದೆ. ಸರಿಯೋ ತಪ್ಪೋ, ನಮ್ಮ ಮನೆಗಳು ಹಾಗೇ ನಡೆಯುತ್ತವೆ. "ಅಮ್ಮ, ಡಾಕ್ಟರನ್ನ ಕೇಳಿದ್ದೀವಿ. ಮೈಸೂರಿಗೇ ಹೋಗೋದು. ರೈಲಲ್ಲಿ ಎರಡೂವರೆ ಗಂಟೆ. ರೂಮಿನಿಂದ ಹತ್ತು ನಿಮಿಷಕ್ಕೆ ಹೆರಿಗೆ ಆಸ್ಪತ್ರೆ. ಗುರುವಾರ ಸಂಜೆ ಮನೇಲಿರ್ತೀವಿ." ಇಷ್ಟು ಖಚಿತವಾಗಿ ಹೇಳಿದರೆ ಹೆಚ್ಚಿನ ಅಮ್ಮಂದಿರು "ಸರಿ, ಒಂದು ನಿಂಬೆಹಣ್ಣು ಇಟ್ಕೊಂಡು ಹೋಗಿ" ಅಂತ ಒಪ್ಪುತ್ತಾರೆ. ಇಟ್ಟುಕೊಳ್ಳಿ. ಬ್ಯಾಗಿನಲ್ಲಿ ನಿಂಬೆಹಣ್ಣು ಇದ್ದರೆ ಯಾರಿಗೂ ನಷ್ಟವಿಲ್ಲ, ಘಾಟಿಯಲ್ಲಿ ಹೊಟ್ಟೆ ತೊಳಸಿದರೆ ಮೂಸಿ ನೋಡಲಿಕ್ಕೂ ಆಯ್ತು.

ಸೀಮಂತಕ್ಕೆ ಮುಂಚೆಯೇ ಹೋಗಿ ಬನ್ನಿ. ಏಳನೇ ತಿಂಗಳಲ್ಲಿ ಬಳೆ ತೊಡಿಸಿ ತವರಿಗೆ ಕಳಿಸುವ ಮನೆಗಳಲ್ಲಿ ಆಮೇಲೆ ಇಬ್ಬರೇ ಹೊರಡುವ ಮಾತೇ ಬರುವುದಿಲ್ಲ. ಇನ್ನೊಂದು ಅಪಾಯವೂ ಇದೆ: "ನಾವೂ ಜೊತೆಗೆ ಬರ್ತೀವಿ." ಆ ಪ್ರವಾಸ ಬೇರೆ, ಇದು ಬೇರೆ. ಮೊದಲೇ ಮೃದುವಾಗಿ ಹೇಳಿಬಿಡಿ.

ಹೆಜ್ಜೆ 4: ಊರು ಆರಿಸುವುದು

ಮೂರು ಅಳತೆ ಇಟ್ಟುಕೊಳ್ಳಿ. ಮನೆ ಬಾಗಿಲಿನಿಂದ ರೂಮಿನ ಬಾಗಿಲಿಗೆ ನಾಲ್ಕು ಗಂಟೆ, ಬಹಳವೆಂದರೆ ಐದು. ಇಪ್ಪತ್ತನಾಲ್ಕು ಗಂಟೆಯೂ ಹೆರಿಗೆ ಡಾಕ್ಟರ್ ಇರುವ, ಎಳೆಗೂಸುಗಳ ಐಸಿಯು ಇರುವ ಆಸ್ಪತ್ರೆ ಅರ್ಧ ಮುಕ್ಕಾಲು ಗಂಟೆಯೊಳಗೆ. ಕೊನೆಯದಾಗಿ, ಎರಡೂವರೆ ಸಾವಿರ ಮೀಟರಿಗಿಂತ ಎತ್ತರದ ಜಾಗ ಬೇಡ. ನಮ್ಮ ರಾಜ್ಯದಲ್ಲಿ ಈ ಕೊನೆಯ ಅಳತೆಗೆ ಕೆಲಸವೇ ಇಲ್ಲ. ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಲೇಹ್, ಲಡಾಖ್ ಆಸೆ ಇದ್ದವರು ಮಾತ್ರ ಅದನ್ನು ಮುಂದಕ್ಕೆ ಹಾಕಿ.

*ಮೈಸೂರು.* ನನ್ನನ್ನು ಕೇಳಿದರೆ ಮೊದಲ ಬಸುರಿಗೆ ಇದಕ್ಕಿಂತ ಒಳ್ಳೆಯ ಊರಿಲ್ಲ. "ಅಯ್ಯೋ, ಮೈಸೂರಾ? ಎಷ್ಟು ಸಲ ನೋಡಿದ್ದೀವಿ" ಅನ್ನುತ್ತೀರಿ. ಅದೇ ಅದರ ಲಾಭ. ನೋಡಬೇಕಾದ್ದು ಏನೂ ಉಳಿದಿಲ್ಲ, ಹಾಗಾಗಿ ಓಡಾಡಬೇಕಿಲ್ಲ. ರೈಲಿದೆ, ರಸ್ತೆ ಸಮತಟ್ಟು. ಚೆಲುವಾಂಬ ಸರ್ಕಾರಿ ಹೆರಿಗೆ ಆಸ್ಪತ್ರೆ ಊರ ಮಧ್ಯದಲ್ಲೇ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಿಧಾನ ನಡಿಗೆ, ಮಧ್ಯಾಹ್ನ ನಿದ್ದೆ, ಸಂಜೆ ಚಾಮುಂಡಿ ಬೆಟ್ಟಕ್ಕೆ ಕಾರಿನಲ್ಲಿ. ಸಾವಿರ ಮೆಟ್ಟಿಲಿನ ಹರಕೆ ಇದ್ದರೆ ತಾಯಿ ಕಾಯುತ್ತಾಳೆ, ಅವಳಿಗೆ ಅವಸರವಿಲ್ಲ. ಮೃಗಾಲಯ ಬಹಳ ಉದ್ದ, ಬ್ಯಾಟರಿ ಗಾಡಿ ಹತ್ತಿ. ಮಂಗಳವಾರ ಅದಕ್ಕೆ ರಜೆ. ಅರಮನೆಯ ದೀಪ ನೋಡಬೇಕಾದರೆ ಭಾನುವಾರ ಸಂಜೆ ಸಿಗುವ ಹಾಗೆ ದಿನ ಹೊಂದಿಸಿ. ಒಳಗಿನ ಗುಂಪಿಗಿಂತ ಹೊರಗೆ ದೂರದಲ್ಲಿ ನಿಂತು ನೋಡಿದರೇ ಚೆಂದ.

*ಕೊಡಗು.* ಮಡಿಕೇರಿಗೆ ಬೆಂಗಳೂರಿನಿಂದ ಸುಮಾರು 265 ಕಿಲೋಮೀಟರ್. ಐದೂವರೆ ಗಂಟೆ ಸುಲಭವಾಗಿ ಹಿಡಿಯುತ್ತದೆ. ನಡುವೆ ಮೈಸೂರಿನಲ್ಲಿ ಒಂದು ರಾತ್ರಿ ತಂಗಿ ಹೋದರೆ ಒಳ್ಳೆಯದು. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಿನ ಜಿಲ್ಲಾಸ್ಪತ್ರೆ ಇದೆ. ಆದರೆ ಗಂಭೀರವಾದರೆ ಮೈಸೂರಿಗೋ ಮಂಗಳೂರಿಗೋ ಕರೆದೊಯ್ಯಬೇಕು ಅನ್ನುವುದು ಕೊಡಗಿನವರದೇ ಹಳೆಯ ಅಳಲು. ಹಾಗಾಗಿ ಹೋಮ್‌ಸ್ಟೇ ತೆಗೆದುಕೊಳ್ಳುವುದಾದರೆ ಮಡಿಕೇರಿ ಅಥವಾ ಕುಶಾಲನಗರದ ಆಸುಪಾಸು ತೆಗೆದುಕೊಳ್ಳಿ. ಹತ್ತು ಕಿಲೋಮೀಟರ್ ಕಚ್ಚಾ ರಸ್ತೆಯ ಕೊನೆಗಿರುವ ಎಸ್ಟೇಟ್ ಬಂಗಲೆ ಎಷ್ಟೇ ಚೆಂದ ಇದ್ದರೂ ಈ ಸಲ ಬೇಡ. ಮಾಂದಲಪಟ್ಟಿಯ ಜೀಪ್ ಅಂತೂ ಬೇಡವೇ ಬೇಡ. ಬಸುರಿಯಲ್ಲದವರೇ ಅಲ್ಲಿಂದ ಸೊಂಟ ಹಿಡಿದುಕೊಂಡು ಇಳಿಯುತ್ತಾರೆ.

*ಚಿಕ್ಕಮಗಳೂರು, ಸಕಲೇಶಪುರ.* ಇವೂ ಸರಿ, ಊರಿಗೆ ಹತ್ತಿರದ ಜಾಗ ಆರಿಸಿದರೆ. ಸಕಲೇಶಪುರದಿಂದ ಹಾಸನದ ದೊಡ್ಡ ಆಸ್ಪತ್ರೆಗೆ ಸುಮಾರು 40 ಕಿಲೋಮೀಟರ್. ಆದರೆ ಮಲೆನಾಡಿನಲ್ಲಿ ಒಂದು ವಿಷಯ ಗಮನದಲ್ಲಿಡಿ: ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿಕೊಂಡ ಇದು ಉಣ್ಣೆಹುಳು ಕಚ್ಚಿ ಬರುತ್ತದೆ. ಚಳಿಗಾಲ ಶುರುವಾದಾಗಿನಿಂದ ಮೇವರೆಗೆ ಇದರ ಕಾಟ. ತೀರ್ಥಹಳ್ಳಿ, ಸಾಗರ, ಕೊಪ್ಪ, ಶೃಂಗೇರಿ, ಸಿದ್ದಾಪುರದ ಕಡೆ ಆ ತಿಂಗಳುಗಳಲ್ಲಿ ಹೋದರೆ ಕಾಡಿನೊಳಗೆ ನಡೆಯಬೇಡಿ, ತರಗೆಲೆಯ ಮೇಲೆ ಕೂರಬೇಡಿ. ಮಂಗ ಸತ್ತರೆ ಕಾಯಿಲೆ ಅಲ್ಲಿ ಇರಬಹುದು ಅನ್ನುವ ಸೂಚನೆ, ಅಂಥ ಸುದ್ದಿ ಇದ್ದ ಊರಾದರೆ ಹೋಗಲೇಬೇಡಿ.

*ಕರಾವಳಿ.* ಕಡಲು ನೋಡಲೇಬೇಕು ಅನ್ನುವವರಿಗೆ ಉಡುಪಿ, ಮಲ್ಪೆ ಒಳ್ಳೆಯದು, ಯಾಕೆಂದರೆ ಮಣಿಪಾಲದ ದೊಡ್ಡ ಆಸ್ಪತ್ರೆ ಮಗ್ಗುಲಲ್ಲೇ ಇದೆ. ಮಂಗಳೂರಿನಲ್ಲಿ ಉಳಿದರೆ ಲೇಡಿಗೋಶನ್ ಸರ್ಕಾರಿ ಹೆರಿಗೆ ಆಸ್ಪತ್ರೆ ಇದೆ, ಖಾಸಗಿಯವಂತೂ ಬೇಕಾದಷ್ಟು. ಕಷ್ಟ ಇರುವುದು ತಲುಪುವುದರಲ್ಲಿ. ಶಿರಾಡಿ, ಚಾರ್ಮಾಡಿ, ಆಗುಂಬೆ, ಯಾವ ಘಾಟಿಯಲ್ಲಿ ಇಳಿದರೂ ಹೊಟ್ಟೆ ತೊಳಸುತ್ತದೆ. ಈ ಸಲ ಮಾತ್ರ ಮಂಗಳೂರಿಗೆ ಒಂದು ಗಂಟೆಯ ವಿಮಾನ ಹತ್ತುವುದು ದುಂದು ಅಲ್ಲ. ಯಶವಂತಪುರದಿಂದ ಹಗಲು ಹೊತ್ತು ಹೋಗುವ, ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿ ಇರುವ ರೈಲಿನಲ್ಲಿ ಸಕಲೇಶಪುರ ಸುಬ್ರಹ್ಮಣ್ಯದ ನಡುವಿನ ಘಾಟಿ ಬಲು ಸೊಗಸು. ಆದರೆ ಹೆಚ್ಚುಕಡಿಮೆ ಇಡೀ ದಿನ ಕೂತಿರಬೇಕು. ಕೆಲವೊಮ್ಮೆ ಹಳಿ ಕೆಲಸಕ್ಕೆ ರೈಲು ನಿಲ್ಲಿಸುತ್ತಾರೆ, ವಿಚಾರಿಸಿ. ಏಪ್ರಿಲ್, ಮೇ ತಿಂಗಳ ಕರಾವಳಿಯ ಸೆಕೆಗೆ ಬಸುರಿಯನ್ನು ಕರೆದೊಯ್ಯುವುದು ದಂಡನೆ.

ಮಳೆಗಾಲದಲ್ಲಿ ಘಾಟಿ, ಕೊಡಗು, ಕರಾವಳಿ ಎಲ್ಲಕ್ಕೂ ಒಂದೇ ಉತ್ತರ: ಜೂನ್‌ನಿಂದ ಸೆಪ್ಟೆಂಬರ್ ಬೇಡ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೆನಪಿದೆ ಅಲ್ವಾ? ದಾರಿ ಮುಚ್ಚಿದರೆ ಆಸ್ಪತ್ರೆ ಎಷ್ಟು ಹತ್ತಿರ ಇದ್ದರೂ ಅದು ದೂರವೇ.

ಬಂಡೀಪುರದ ಆಚೆ ಮಸಿನಗುಡಿಯಲ್ಲೋ ವಯನಾಡಿನಲ್ಲೋ ಉಳಿಯುವ ಯೋಚನೆ ಇದ್ದರೆ, ಆ ಕಾಡಿನ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಊಟಿಗೆ ಮಸಿನಗುಡಿಯ ಮೇಲಿಂದ ಹತ್ತಿದರೆ 36 ಹೇರ್‌ಪಿನ್ ತಿರುವು. ನಾನಾದರೆ ಈ ಎರಡನ್ನೂ ಮಗುವಿಗೆ ಐದು ವರ್ಷ ಆದಮೇಲೆ ಇಟ್ಟುಕೊಳ್ಳುತ್ತೇನೆ.

ಹೆಜ್ಜೆ 5: ರೂಮು, ಅದೂ ಫೋನಿನಲ್ಲಿ

ಆ್ಯಪ್‌ನಲ್ಲಿ ಒತ್ತಿ ಬುಕ್ ಮಾಡಬೇಡಿ. ಫೋನ್ ಮಾಡಿ, "ಮನೆಯವರು ಬಸುರಿ" ಅಂತ ಮೊದಲೇ ಹೇಳಿ. ಆಗ ಅವರೇ ಅರ್ಧ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಕೇಳಬೇಕಾದ್ದು: ರೂಮು ನೆಲಮಹಡಿಯಲ್ಲಿದೆಯಾ? ಕಾರು ನಿಲ್ಲಿಸುವಲ್ಲಿಂದ ರೂಮಿಗೆ ಎಷ್ಟು ಮೆಟ್ಟಿಲು? ಕಮೋಡ್ ಇದೆಯಾ, ಬಾತ್‌ರೂಮಿನ ನೆಲ ಜಾರುತ್ತದಾ? ಕರೆಂಟ್ ಹೋದರೆ ಜನರೇಟರ್ ಇದೆಯಾ? ನನ್ನ ಮೊಬೈಲಿಗೆ ಸಿಗ್ನಲ್ ಸಿಗುತ್ತದಾ? ಕೊನೆಯದಕ್ಕೆ "ವೈಫೈ ಇದೆ ಸಾರ್" ಅಂದರೆ ಅಷ್ಟಕ್ಕೇ ಒಪ್ಪಬೇಡಿ. ಕರೆಂಟ್ ಹೋದಾಗ ವೈಫೈಯೂ ಹೋಗುತ್ತದೆ.

ಪಕ್ಕದ ಲಾನ್‌ನಲ್ಲಿ ಮದುವೆ, ಡಿಜೆ ಇದೆಯಾ ಅಂತಲೂ ಕೇಳಿ. ಬಸುರಿಯ ನಿದ್ದೆ ಮೊದಲೇ ತೆಳು. ಎಡ ಮಗ್ಗುಲಿಗೆ ಮಲಗಿ ಕಾಲ ನಡುವೆ ಇಟ್ಟುಕೊಳ್ಳಲು ಎರಡು ದಿಂಬು ಹೆಚ್ಚಿಗೆ ಹೇಳಿಡಿ. ಮನೆಯಲ್ಲಿ ರೂಢಿಯಾದ ದಿಂಬು ಇದ್ದರೆ ಕಾರಿನಲ್ಲಿ ಅದನ್ನೇ ಹಾಕಿಕೊಂಡು ಹೋಗಿ. ಕೊನೇ ಗಳಿಗೆಯಲ್ಲಿ ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಹಾಗಿರಲಿ. ಈ ದಿನಗಳಲ್ಲಿ ಬೆಳಿಗ್ಗೆಯ ಮನಸ್ಸು ಸಂಜೆಗೆ ಇರುವುದಿಲ್ಲ, ಮೈಯೂ ಅಷ್ಟೇ.

ಹೆಜ್ಜೆ 6: ದಾರಿ

ಕಾರಿನಲ್ಲಿ ಸೀಟ್ ಬೆಲ್ಟ್ ಬಿಡುವವರೇ ಜಾಸ್ತಿ, ಹೊಟ್ಟೆಗೆ ಒತ್ತುತ್ತದೆ ಅಂತ. ಬೆಲ್ಟ್ ಹಾಕಲೇಬೇಕು, ಹಾಕುವ ಬಗೆ ಬೇರೆ ಅಷ್ಟೇ. ಅಡ್ಡ ಪಟ್ಟಿ ಹೊಟ್ಟೆಯ ಕೆಳಗೆ ಸೊಂಟದ ಮೂಳೆ ಮೇಲೆ ಬರಬೇಕು. ಓರೆ ಪಟ್ಟಿ ಎದೆಯ ನಡುವೆ ಇಳಿದು ಹೊಟ್ಟೆಯ ಪಕ್ಕದಿಂದ ಹೋಗಬೇಕು. ಹೊಟ್ಟೆಯ ಮೇಲೆ ಯಾವ ಪಟ್ಟಿಯೂ ಹಾಯಬಾರದು.

ಒಂದೂವರೆ ಗಂಟೆಗೊಮ್ಮೆ ಇಳಿದು ಐದು ನಿಮಿಷ ನಡೆಯಿರಿ. ಬಸುರಿಯರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾಮೂಲಿಗಿಂತ ಹೆಚ್ಚು. ಕೂತಲ್ಲೇ ಕೂತರೆ ಇನ್ನೂ ಹೆಚ್ಚು. ಕೂತಾಗಲೂ ಹಿಮ್ಮಡಿ ಊರಿ ಪಾದ ಮೇಲೆ ಕೆಳಗೆ ಮಾಡುತ್ತಿರಿ. ದೂರದ ಪ್ರಯಾಣಕ್ಕೆ ಬಿಗಿಯಾದ ಮೆಡಿಕಲ್ ಸಾಕ್ಸ್ ಬೇಕಾ ಅಂತ ಡಾಕ್ಟರನ್ನು ಕೇಳಿ.

ನಿಲ್ಲಿಸುವ ಜಾಗ ಮೊದಲೇ ಗೊತ್ತು ಮಾಡಿಕೊಳ್ಳಿ. 2023ರಲ್ಲಿ ಶುರುವಾದ ಬೆಂಗಳೂರು ಮೈಸೂರು ಹೆದ್ದಾರಿಯಲ್ಲಿ ಹೋಗುವವರಿಗೆ ಇದು ಮುಖ್ಯ. ಬಿಡದಿ, ರಾಮನಗರ, ಮದ್ದೂರು, ಮಂಡ್ಯ ಎಲ್ಲಕ್ಕೂ ಬೈಪಾಸ್. ಮೇಲಿನ ರಸ್ತೆಗೆ ಏರಿದಿರೋ, ಬೇಕೆಂದಾಗ ಇಳಿಯಲು ಆಗುವುದಿಲ್ಲ. ನಾನು ಹೇಳುವುದು ಹಳೆಯ ಸರ್ವಿಸ್ ರಸ್ತೆಯಲ್ಲೇ ಹೋಗಿ ಅಂತ. ಹೊತ್ತು ಹೆಚ್ಚು ಹಿಡಿದರೂ ಮದ್ದೂರು ವಡೆಯೂ ಸಿಗುತ್ತದೆ, ಬಾತ್‌ರೂಮೂ ಸಿಗುತ್ತದೆ. ಮೂತ್ರ ಬಂದರೆ ತಡೆದುಕೊಳ್ಳಬೇಡಿ, ದಾರಿಯಲ್ಲಿ ಕಷ್ಟ ಅಂತ ನೀರು ಕುಡಿಯುವುದನ್ನೂ ಬಿಡಬೇಡಿ. ಎರಡೂ ಸೇರಿದರೆ ಉರಿಮೂತ್ರ, ಸೋಂಕು ಬರುವ ಸಂಭವ ಹೆಚ್ಚು.

ರೈಲಿನ ಅನುಕೂಲವೇ ಅನುಕೂಲ. ಎದ್ದು ಓಡಾಡಬಹುದು, ಟಾಯ್ಲೆಟ್ ಇದೆ, ಹಂಪ್ ಇಲ್ಲ. ರಾತ್ರಿ ರೈಲಾದರೆ ಲೋಯರ್ ಬರ್ತ್ ಕೋಟಾದಲ್ಲಿ ಗರ್ಭಿಣಿಯರಿಗೂ ಅವಕಾಶ ಇದೆ. ಕೌಂಟರಿನಲ್ಲಿ ಡಾಕ್ಟರ ಚೀಟಿ ತೋರಿಸಿ ಕೇಳಿ. ರೈಲಿನಲ್ಲಿ ತೊಂದರೆ ಆದರೆ 139ಕ್ಕೆ ಫೋನ್. ಬಸ್ಸಾದರೆ ಮುಂದಿನ ಸೀಟು, ಹಿಂದಿನ ಚಕ್ರದ ಮೇಲಿನದು ಬೇಡ.

ವಿಮಾನದ ನಿಯಮ ಕಂಪನಿಗೊಂದು. ಹೊಟ್ಟೆಯಲ್ಲಿ ಒಂದೇ ಮಗು ಇದ್ದರೆ ಸಾಮಾನ್ಯವಾಗಿ 36 ವಾರದ ಹತ್ತಿರದವರೆಗೆ ಬಿಡುತ್ತಾರೆ. ಅದಕ್ಕೂ ಮುಂಚೆಯೇ, 28ಕ್ಕೋ 32ಕ್ಕೋ, ಡಾಕ್ಟರ್ ಸರ್ಟಿಫಿಕೇಟ್ ಕೇಳಲು ಶುರು. ವಾಪಸ್ ಬರುವ ದಿನಕ್ಕೆ ಎಷ್ಟು ವಾರ ಆಗಿರುತ್ತದೆ ಅಂತ ಲೆಕ್ಕ ಹಾಕಿ, ಹೋಗುವ ದಿನಕ್ಕಲ್ಲ. ನಡುದಾರಿಯ ಪಕ್ಕದ ಸೀಟು ತೆಗೆದುಕೊಳ್ಳಿ. ವಿದೇಶಕ್ಕಾದರೆ ಟ್ರಾವೆಲ್ ಇನ್ಶೂರೆನ್ಸ್ ಕಾಗದ ಓದಿ. ಬಸಿರಿಗೆ ಸಂಬಂಧಿಸಿದ ಖರ್ಚನ್ನು ಹೆಚ್ಚಿನವರು ಹೊರಗಿಟ್ಟಿರುತ್ತಾರೆ.

ಹೆಜ್ಜೆ 7: ಬ್ಯಾಗು

ಬಟ್ಟೆ ನೀವೇ ನೋಡಿಕೊಳ್ಳಿ. ನಾನು ಹೇಳುವುದು ಒಂದು ಫೈಲಿನ ಬಗ್ಗೆ ಮಾತ್ರ. ತಾಯಿ ಕಾರ್ಡ್, ಎಲ್ಲ ಸ್ಕ್ಯಾನ್ ರಿಪೋರ್ಟ್, ರಕ್ತದ ಗುಂಪಿನ ರಿಪೋರ್ಟ್, ಡಾಕ್ಟರ ಚೀಟಿ, ಹೆಲ್ತ್ ಇನ್ಶೂರೆನ್ಸ್ ಕಾರ್ಡ್, ಆಧಾರ್. ಇದು ಡಿಕ್ಕಿಯ ಸೂಟ್‌ಕೇಸಿನಲ್ಲಿ ಅಲ್ಲ, ಕೈಚೀಲದಲ್ಲಿ ಇರಬೇಕು. ಇಬ್ಬರ ಮೊಬೈಲಿನಲ್ಲೂ ಫೋಟೋ ಇರಲಿ. ಹೊಸ ಊರಿನ ಡಾಕ್ಟರಿಗೆ ನಿಮ್ಮ ಬಗ್ಗೆ ಗೊತ್ತಾಗುವುದು ಆ ಫೈಲಿನಿಂದಲೇ.

ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆ ಎರಡು ದಿನಕ್ಕೆ ಹೆಚ್ಚಿಗೆ ಇಟ್ಟುಕೊಳ್ಳಿ. ಓಆರ್‌ಎಸ್ ಪ್ಯಾಕೆಟ್, ಸ್ಯಾನಿಟರಿ ಪ್ಯಾಡ್, ಜಾರದ ಚಪ್ಪಲಿ, ಚಕ್ಕುಲಿ, ಕಡ್ಲೆಬೀಜ, ಒಣದ್ರಾಕ್ಷಿ. ಡೀಟ್ ಇರುವ ಸೊಳ್ಳೆ ಕ್ರೀಮನ್ನು ಡಬ್ಬಿಯ ಮೇಲೆ ಹೇಳಿದಷ್ಟೇ ಹಚ್ಚಿದರೆ ಬಸುರಿಯರಿಗೆ ತೊಂದರೆ ಇಲ್ಲ. ಡೆಂಗಿ, ಮಲೇರಿಯಾಕ್ಕಿಂತ ಆ ಕ್ರೀಮೇ ವಾಸಿ.

ಹೆಜ್ಜೆ 8: ಅಲ್ಲಿ ಏನು ಮಾಡಬೇಕು

ಕಡಿಮೆ ಮಾಡಬೇಕು. ದಿನಕ್ಕೆ ಒಂದೇ ಒಂದು ಕೆಲಸ ಹಾಕಿಕೊಳ್ಳಿ: ಬೆಳಿಗ್ಗೆಯ ನಡಿಗೆ ಅಥವಾ ಸಂಜೆಯ ದೇವಸ್ಥಾನ, ಎರಡೂ ಅಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕು ರೂಮಿನಲ್ಲೇ. ಉಳಿದ ಹೊತ್ತಿಗೆ ಜಗಲಿಯ ಕುರ್ಚಿ ಇದೆ. ಮಗುವಿಗೆ ಏನು ಹೆಸರು, ಬಾಣಂತನ ಎಲ್ಲಿ, ಯಾರು ಎಷ್ಟು ದಿನ ರಜೆ ಹಾಕುವುದು, ದುಡ್ಡಿನ ಲೆಕ್ಕ ಹೇಗೆ, ಮನೆಯಲ್ಲಿ ಬಿಡುವಾಗಿ ಆಡಲಾಗದ ಮಾತುಗಳಿಗೆ ಇದೇ ಹೊತ್ತು.

ಈಜು ಬರುವವರು ಈಜಬಹುದು. ನೀರಿನಲ್ಲಿ ಹೊಟ್ಟೆಯ ಭಾರವೇ ಗೊತ್ತಾಗುವುದಿಲ್ಲ, ಬೆನ್ನಿಗೆ ಅದರಷ್ಟು ಸುಖ ಬೇರೆ ಇಲ್ಲ. ಧುಮುಕಬೇಡಿ, ಜಾರುಬಂಡೆ ಬೇಡ. ಬಿಸಿನೀರಿನ ತೊಟ್ಟಿ, ಸ್ಟೀಮ್, ಸೌನಾ ಮೂರೂ ಬೇಡ. ಮೈಯ ಶಾಖ ಜಾಸ್ತಿ ಏರುವುದು ಮಗುವಿಗೆ ಒಳ್ಳೆಯದಲ್ಲ. ಮಸಾಜ್ ಮಾಡಿಸುವುದಾದರೆ ಬಸುರಿಯರಿಗೆ ಮಾಡಿ ಅಭ್ಯಾಸ ಇರುವವರಿಂದ, ಮಗ್ಗುಲಿಗೆ ಮಲಗಿ, ಕಾಲು ಭುಜಕ್ಕೆ ಮಾತ್ರ. ಪಂಚಕರ್ಮದ ಪ್ಯಾಕೇಜ್ ಯಾರು ಎಷ್ಟೇ ಹೊಗಳಿದರೂ ಬೇಡ. ನೇತ್ರಾಣಿಯ ಸ್ಕೂಬಾ, ಮಲ್ಪೆಯಿಂದ ದ್ವೀಪಕ್ಕೆ ಹೋಗುವ ದೋಣಿ, ಕುದುರೆ, ಜೋಗದ ಕೆಳಗಿಳಿಯುವ ಮೆಟ್ಟಿಲು, ಇವಕ್ಕೂ ಮುಂದೆ ಕಾಲವಿದೆ. ಜೋಗವನ್ನು ಮೇಲಿನಿಂದ ನೋಡಿದರೂ ಅದು ಜೋಗವೇ.

ಊಟದ ವಿಷಯದಲ್ಲಿ ಬಿಸಿ ಬಿಸಿ ಇದ್ದದ್ದನ್ನು ತಿನ್ನಿ, ಆರಿದ್ದನ್ನು ಬಿಡಿ. ಪಾನಿಪುರಿಯ ನೀರು, ಹೆಚ್ಚಿಟ್ಟ ಹಣ್ಣು, ಹಸಿ ಮೊಳಕೆಕಾಳು, ಅರ್ಧ ಬೆಂದ ಮೊಟ್ಟೆ ಬೇಡ. ಹೋಮ್‌ಸ್ಟೇಯಲ್ಲಿ ಈಗಷ್ಟೇ ಕರೆದ ಹಾಲು ಅಂತ ಪ್ರೀತಿಯಿಂದ ಕೊಟ್ಟರೆ ಕಾಯಿಸಿ ಕೊಡಿ ಅನ್ನಿ. ಕೊಡಗಿನಲ್ಲಿ ಪಂದಿಕರಿ ಚೆನ್ನಾಗಿ ಬೆಂದಿದ್ದರೆ ಅಡ್ಡಿಯಿಲ್ಲ. ಆದರೆ ಮನೆಯಲ್ಲಿ ಮಾಡಿದ ವೈನ್ "ಬರೀ ಹಣ್ಣಿನ ರಸ" ಅಂದರೂ ಒಂದು ಗುಟುಕೂ ಬೇಡ. ಕರಾವಳಿಯಲ್ಲಿ ಬೂತಾಯಿ, ಬಂಗುಡೆಯಂಥ ಸಣ್ಣ ಮೀನು ಧಾರಾಳ ತಿನ್ನಿ. ಮೀನು ದೊಡ್ಡದಾದಷ್ಟೂ ಅದರಲ್ಲಿ ಪಾದರಸ ಜಾಸ್ತಿ, ಹಾಗಾಗಿ ಶಾರ್ಕ್ ಬೇಡ, ಅಂಜಲ್ ರುಚಿಗೆ ಒಂದು ತುಂಡು ಸಾಕು. ಚಿಕ್ಕಮಗಳೂರಿಗೆ ಹೋಗಿ ಕಾಫಿ ಬಿಡಿ ಅನ್ನಲು ನನಗೂ ಮನಸ್ಸಿಲ್ಲ. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ದಾಟಬಾರದು, ಅಂದರೆ ಹೆಚ್ಚೆಂದರೆ ಎರಡು ಸಣ್ಣ ಲೋಟ. ಚಹಾ ಕುಡಿದರೆ ಅದೂ ಈ ಲೆಕ್ಕಕ್ಕೆ ಸೇರಿತು.

ಗಂಡಂದಿರಿಗೆ ಒಂದು ಮಾತು. ಕಾರು ಓಡಿಸುವವರು ನೀವೊಬ್ಬರೇ ಆದರೆ ರಾತ್ರಿ ಕ್ಯಾಂಪ್‌ಫೈರ್ ಮುಂದೆ ಗ್ಲಾಸು ಹಿಡಿಯಬೇಡಿ. ಮಧ್ಯರಾತ್ರಿ ಆಸ್ಪತ್ರೆಗೆ ಹೊರಡಬೇಕಾದರೆ ಸ್ಟೀರಿಂಗ್ ಹಿಡಿಯುವವರು ಯಾರು?

ಹೆಜ್ಜೆ 9: ಏನಾದರೂ ಆದರೆ

ಊರು ತಲುಪಿದ ಸಂಜೆಯೇ ಆಸ್ಪತ್ರೆಯ ಮುಂದೆ ಒಂದು ಸುತ್ತು ಹಾಕಿ ಬನ್ನಿ. ತುರ್ತು ಚಿಕಿತ್ಸೆಯ ಬಾಗಿಲು ಯಾವ ಕಡೆ ಅಂತ ನೋಡಿಕೊಳ್ಳಿ, ಫೋನ್ ನಂಬರ್ ಸೇವ್ ಮಾಡಿ. ಹೋಮ್‌ಸ್ಟೇಯವರಿಗೆ "ರಾತ್ರಿ ಬೇಕಾದರೆ ಯಾರನ್ನ ಎಬ್ಬಿಸಲಿ?" ಅಂತ ಕೇಳಿಡಿ. ಆಂಬುಲೆನ್ಸಿಗೆ 108. ಆದರೆ ಕಾರು ನಿಮ್ಮ ಹತ್ತಿರವೇ ಇದ್ದು ಆಸ್ಪತ್ರೆ ಹತ್ತಿರವಿದ್ದರೆ ಕಾಯುವುದಕ್ಕಿಂತ ಹೊರಡುವುದೇ ಬೇಗ.

ಇವು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ: ರಕ್ತ ಕಾಣಿಸಿಕೊಳ್ಳುವುದು, ನೀರು ಸೋರುವುದು, ಬಿಟ್ಟು ಬಿಟ್ಟು ಬರುವ ಹೊಟ್ಟೆನೋವು ಅಥವಾ ಹೊಟ್ಟೆ ಕಲ್ಲಿನಂತಾಗುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಒಮ್ಮೆಲೇ ಊದುವುದು, ಜ್ವರ, ಒಂದೇ ಕಾಲಿನ ಮೀನಖಂಡದಲ್ಲಿ ನೋವು ಮತ್ತು ಊತ, ಉಸಿರುಕಟ್ಟು, ದಿನವೂ ಒದೆಯುತ್ತಿದ್ದ ಮಗು ಸುಮ್ಮನಾಗುವುದು. ಬಿದ್ದರೆ, ನೋವಿಲ್ಲದಿದ್ದರೂ ತೋರಿಸಿ. ಸಣ್ಣದಕ್ಕೆ ಹೋದೆವು ಅಂತ ಸಂಕೋಚ ಬೇಡ. ಡಾಕ್ಟರ್ ನೋಡಿ "ಏನಿಲ್ಲ, ಹೋಗಿ" ಅಂದರೆ ಅದಕ್ಕಿಂತ ಬೇರೇನು ಬೇಕು?

ಹೆಜ್ಜೆ 10: ವಾಪಸ್ ಬಂದ ಮೇಲೆ

ಬಂದ ಮಾರನೇ ದಿನವೇ ಆಫೀಸಿಗೆ ಹೋಗಬೇಡಿ. ಒಂದು ದಿನ ಮನೆಯಲ್ಲಿ ಕಾಲು ಮೇಲಿಟ್ಟು ಮಲಗಿ. ಮುಂದಿನ ಚೆಕಪ್‌ನಲ್ಲಿ ತೂಕ, ಬಿಪಿ ಮಾಮೂಲಿನಂತೆ ನೋಡುತ್ತಾರೆ. ಪ್ರವಾಸದಲ್ಲಿ ಬೇರೆ ಡಾಕ್ಟರಿಗೆ ತೋರಿಸಿದ್ದರೆ ಆ ಚೀಟಿಯನ್ನೂ ಫೈಲಿಗೆ ಸೇರಿಸಿ. ಬಂದು ಎರಡು ವಾರದೊಳಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗಬೇಡಿ. ಅವತ್ತೇ ಡಾಕ್ಟರ ಹತ್ತಿರ ಹೋಗಿ, ಯಾವ ಊರಿಗೆ ಹೋಗಿದ್ದಿರಿ, ಕಾಡಿನ ಕಡೆ ಓಡಾಡಿದ್ದಿರಾ, ಉಣ್ಣೆಯೋ ಸೊಳ್ಳೆಯೋ ಕಚ್ಚಿತ್ತಾ ಅಂತ ಅವರು ಕೇಳುವ ಮುಂಚೆ ನೀವೇ ಹೇಳಿ.